ಸೂರ್ಯನಿಗೆ ಮೇನ್ ಸ್ವಿಚ್ ಇಲ್ಲ

ಕಳೆದ ವರ್ಷ ಎರ್ಮಾಳಿನ ನಮ್ಮ ಮನೆಯ ತಾರಸಿಗೆ ಸೋಲಾರ್ ಹಾಕಿಸಿದೆವು. ಒಂದು ಮಧ್ಯಾಹ್ನ ಅದರ ಡಿಸಿ ಪೆಟ್ಟಿಗೆಯಿಂದ ಹೊಗೆ ಬಂತು. ಅಪ್ಪ ಮೇನ್ ಸ್ವಿಚ್ ಆಫ್ ಮಾಡಿದರೂ ನಿಲ್ಲಲಿಲ್ಲ. ಬಿಸಿಲಿರುವಷ್ಟು ಹೊತ್ತು ಪ್ಯಾನಲ್ ಕರೆಂಟು ಕೊಡುತ್ತಲೇ ಇರುತ್ತದೆ. ಟಾರ್ಪಾಲು ಹೊದಿಸಿದ ಮೇಲೆಯೇ ಅಡಗಿದ್ದು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಮನೆಯ ಬೋರ್ಡಿಗೆ ಹಾಕುವ ಮಾಮೂಲಿ ಎಸಿ ಎಂಸಿಬಿ! ಎಲೆಕ್ಟ್ರಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿರುವ ನಾನೂ ಅದನ್ನು ಗಮನಿಸಿರಲಿಲ್ಲ.

ನಮ್ಮ ಎಸಿ ಕರೆಂಟು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುತ್ತದೆ. ಸ್ವಿಚ್ಚಿನೊಳಗೆ ಎದ್ದ ಕಿಡಿ ಆಗ ಆರುತ್ತದೆ. ಡಿಸಿಗೆ ಆ ಬಿಡುವಿಲ್ಲ. ಅದಕ್ಕೇ ಡಿಸಿ ಎಂಸಿಬಿಯಲ್ಲಿ ಕಿಡಿಯನ್ನು ಎಳೆದು, ತುಂಡರಿಸಿ ಆರಿಸುವ ಏರ್ಪಾಡು ಇರುತ್ತದೆ. ಇನ್ನೊಂದು ತೊಡಕು: ಶಾರ್ಟ್ ಆದಾಗಲೂ ಪ್ಯಾನಲ್ಲಿನ ಕರೆಂಟು ಎಂದಿಗಿಂತ ಸ್ವಲ್ಪವೇ ಹೆಚ್ಚು, ಫ್ಯೂಸಿಗೆ ಗೊತ್ತೇ ಆಗದಿರಬಹುದು. ಆದ್ದರಿಂದ ಬಿಗಿಯಾದ ಜೋಡಣೆ, ಕಡಲ ಉಪ್ಪುಗಾಳಿ ತಾಳುವ ಕನೆಕ್ಟರ್, ಆಗಾಗ ತಪಾಸಣೆ ಇವೇ ಮೊದಲ ರಕ್ಷಣೆ.

ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 2003ರಿಂದಲೇ 500 ಕಿಲೋವೋಲ್ಟಿನ ಡಿಸಿ ಲೈನ್ ಇದೆ. ಅಲ್ಲಿ ದೋಷ ಕಂಡೊಡನೆ ಪರಿವರ್ತಕ ಕೇಂದ್ರವೇ ಕರೆಂಟು ತಗ್ಗಿಸುತ್ತದೆ. ನಮ್ಮ ತಾರಸಿ ಕಾಯುವವರು ಯಾರು?

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆಗಳು. ಅಷ್ಟು ತಾರಸಿಗಳಿಗೆ ಡಿಸಿ ಬಲ್ಲ ಕೈಗಳು ಬೇಕು. ಐಟಿಐ, ಡಿಪ್ಲೊಮಾ ಲ್ಯಾಬುಗಳಲ್ಲಿ ಇದನ್ನು ಕೈಯಾರೆ ಕಲಿಸಲಿ. ಗೆಳೆಯರೇ, ಊರಲ್ಲಿ ಕೆಲಸವಿಲ್ಲವೆಂದು ಬೆಂಗಳೂರು ಬಸ್ಸು ಹತ್ತುವ ಮೊದಲು ನಾವೂ ಕೇಳಿ ಕಲಿಯೋಣ.

ನಮ್ಮ ಪೆಟ್ಟಿಗೆಗೆ ಹೊಸ ಎಂಸಿಬಿ ಬಂದಾಗ, ಅದರ ಮೇಲೆ ‘ಡಿಸಿ’ ಎಂದಿದೆಯೇ ಎಂದು ಮೊದಲು ನೋಡಿದವರು ಅಪ್ಪ.