ಹಣ ಕಟ್ಟಲು ಎರಡು ನಿಮಿಷ, ವಾಪಸು ಪಡೆಯಲು 43 ದಿನ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ತಪ್ಪು ನನ್ನದೂ ಇದೆ. ನನ್ನ ಅಣ್ಣ ಪಾಣೆಮಂಗಳೂರಿನಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಒಂದು ಚಿಕ್ಕ ಅಂಗಡಿ ನಡೆಸುತ್ತಾನೆ. "ಈಗ ಎಲ್ಲರಿಗೂ ವೆಬ್‌ಸೈಟ್ ಉಂಟು, ನಮಗೂ ಒಂದು ಇರಲಿ" ಎಂದು ಅವನ ತಲೆಯಲ್ಲಿ ಹುಳ ಬಿಟ್ಟವನು ನಾನೇ. ಕಾಮರ್ಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವನಲ್ಲವೇ, ಸ್ವಲ್ಪ ಜಂಬ ಇತ್ತು.

ಮೊಬೈಲಿನಲ್ಲಿ ಒಂದು ಹೋಸ್ಟಿಂಗ್ ಕಂಪೆನಿಯ ಜಾಹೀರಾತು ಬಂತು. ತಿಂಗಳಿಗೆ ಬರೀ 79 ರೂಪಾಯಿ, ಡೊಮೈನ್ ಉಚಿತ, ಇಷ್ಟವಾಗದಿದ್ದರೆ 30 ದಿನದೊಳಗೆ ಹಣ ವಾಪಸು. ಹೋಸ್ಟಿಂಗ್ ಎಂದರೆ ಗೊತ್ತಿಲ್ಲದವರಿಗೆ ಒಂದು ಮಾತು: ನಮ್ಮ ವೆಬ್‌ಸೈಟನ್ನು ಇಡಲು ಇಂಟರ್‌ನೆಟ್‌ನಲ್ಲಿ ಬಾಡಿಗೆಗೆ ಪಡೆಯುವ ಅಂಗಡಿ ಕೋಣೆ ಅದು. ಡೊಮೈನ್ ಎಂದರೆ ಆ ಕೋಣೆಯ ಮೇಲೆ ಹಾಕುವ ಬೋರ್ಡು. ತಿಂಗಳಿಗೆ 79 ರೂಪಾಯಿಗೆ ಬಿ.ಸಿ.ರೋಡಿನಲ್ಲಿ ಒಂದು ಕಪಾಟು ಕೂಡ ಸಿಗಲಿಕ್ಕಿಲ್ಲ. ಅಣ್ಣ ಒಪ್ಪಿದ.

ಕೊನೆಯ ಪುಟದಲ್ಲಿ ಮೊತ್ತ ನೋಡಿದರೆ 4,474 ರೂಪಾಯಿ 56 ಪೈಸೆ. ತಿಂಗಳಿಗೆ 79 ಎಂಬ ದರ ಸಿಗಬೇಕಾದರೆ 48 ತಿಂಗಳ ಹಣವನ್ನು ಒಟ್ಟಿಗೆ ಕಟ್ಟಬೇಕಂತೆ. 79 ಗುಣಿಸು 48, ಅಂದರೆ 3,792. ಅದರ ಮೇಲೆ ಶೇ. 18 ಜಿ.ಎಸ್.ಟಿ. ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿಲ್ಲ. ಆದರೆ ಈ ಲೆಕ್ಕವನ್ನು ಜಾಹೀರಾತಿನಲ್ಲಿ ಹೇಳದೆ, ಹೆಸರು, ಫೋನ್ ನಂಬರ್, ಇಮೇಲ್ ಎಲ್ಲ ಟೈಪ್ ಮಾಡಿಸಿದ ಮೇಲೆ ಹೇಳಿದರು. ಅಷ್ಟು ದೂರ ಬಂದ ಮೇಲೆ ಹಿಂದೆ ಹೋಗಲು ಮನಸ್ಸು ಬರುವುದಿಲ್ಲ. ಅಣ್ಣ ಪಿನ್ ಒತ್ತಿದ. ಶುರುವಿನಿಂದ ಇಲ್ಲಿಯವರೆಗೆ ಹೆಚ್ಚೆಂದರೆ ಎರಡು ನಿಮಿಷ.

ವೆಬ್‌ಸೈಟ್ ಆಯಿತು. ಯಾರೂ ನೋಡಲಿಲ್ಲ. ಮದುವೆ ಮನೆಯವರು ಫೋನ್ ಮಾಡುತ್ತಾರೆ, ಇಲ್ಲವೇ ವಾಟ್ಸಾಪ್‌ನಲ್ಲಿ "ಇನ್ನೂರು ಕುರ್ಚಿ ಉಂಟಾ" ಎಂದು ಕೇಳುತ್ತಾರೆ. 20ನೆಯ ದಿನ ಅಣ್ಣ ಹೇಳಿದ, "ಇದು ನಮಗೆ ಆಗುವುದಲ್ಲ, ಹಣ ವಾಪಸು ತೆಗೆ. 30 ದಿನ ಅಂತ ಹೇಳಿದ್ದಾರಲ್ಲ."

ರದ್ದು ಮಾಡುವ ಬಟನ್ ಎಲ್ಲಿ ಎಂದು ಹುಡುಕಲಿಕ್ಕೇ ಒಂದು ಸಂಜೆ ಹೋಯಿತು. ದೊಡ್ಡ ಪ್ಲ್ಯಾನಿಗೆ ಹೋಗಿ ಎನ್ನುವ ಕಿತ್ತಳೆ ಬಣ್ಣದ ಬಟನ್ ಪ್ರತಿ ಪುಟದಲ್ಲೂ ಇದೆ. ಬಿಟ್ಟು ಹೋಗುವ ಬಟನ್ ಮಾತ್ರ ಬಿಲ್ಲಿಂಗ್ ಎಂಬ ಪುಟದ ಒಳಗೆ, ಮೂರು ಚುಕ್ಕೆಗಳ ಹಿಂದೆ, ಬೂದು ಅಕ್ಷರದಲ್ಲಿ ಅಡಗಿತ್ತು. ಒತ್ತಿದೆವು. "ಯಶಸ್ವಿಯಾಗಿ ರದ್ದಾಗಿದೆ" ಎಂದು ಬಂತು. ಹಣ ಬರುತ್ತದೆ ಎಂದು ಸುಮ್ಮನೆ ಕುಳಿತೆವು.

ಆರು ದಿನದ ಮೇಲೆ ಗೊತ್ತಾದದ್ದು, ನಾವು ರದ್ದು ಮಾಡಿದ್ದು ನಾಲ್ಕು ವರ್ಷದ ನಂತರ ಆಗಬೇಕಿದ್ದ ಆಟೋ ರಿನ್ಯೂವಲ್ ಮಾತ್ರ! ಪ್ಲ್ಯಾನ್ ಹಾಗೆಯೇ ಇತ್ತು. ರಿಫಂಡ್ ಬೇಕಾದರೆ ಅದಕ್ಕೆ ಬೇರೆ ಕೋರಿಕೆ, ಅದೂ ಚಾಟ್‌ನಲ್ಲಿ, ಅದೂ ಇಂಗ್ಲಿಷಿನಲ್ಲಿ. ಜಾಹೀರಾತು ಮಾತ್ರ ಕನ್ನಡದಲ್ಲಿತ್ತು ನೋಡಿ.

ಚಾಟ್‌ನಲ್ಲಿ ಮೊದಲು ಸಿಕ್ಕಿದ್ದು ಯಂತ್ರ. ಅದಕ್ಕೆ "ರಿಫಂಡ್" ಎಂಬ ಶಬ್ದ ಅರ್ಥವಾಗುವುದಿಲ್ಲ, "ಅಪ್‌ಗ್ರೇಡ್" ಎಂದರೆ ತಕ್ಷಣ ಅರ್ಥವಾಗುತ್ತದೆ. ಬಳಿಕ ಒಬ್ಬರು ಮನುಷ್ಯರು ಬಂದರು. ಯಾಕೆ ಬಿಡುತ್ತೀರಿ, ಎರಡು ತಿಂಗಳು ಹೆಚ್ಚಿಗೆ ಕೊಡುತ್ತೇವೆ, ಇನ್ನೊಮ್ಮೆ ಯೋಚಿಸಿ ಎಂದರು. ಅಷ್ಟರಲ್ಲಿ ಕರೆಂಟ್ ಹೋಯಿತು, ವೈಫೈ ಹೋಯಿತು, ಚಾಟ್ ಕೂಡ ಹೋಯಿತು. ಮರುದಿನ ಪುನಃ ಯಂತ್ರದಿಂದಲೇ ಶುರು. ನಡುವೆ ಒಂದು ಪುಟ ಬಂತು, ಅದರಲ್ಲಿ ಎರಡೇ ಬಟನ್. ಒಂದರಲ್ಲಿ "ಮುಂದುವರಿಯುತ್ತೇನೆ". ಇನ್ನೊಂದರಲ್ಲಿ "ಬೇಡ, ನನ್ನ ವ್ಯಾಪಾರ ಬೆಳೆಯುವುದು ನನಗೆ ಬೇಕಾಗಿಲ್ಲ". ಅಣ್ಣನಿಗೆ ಅದನ್ನು ಕನ್ನಡ ಮಾಡಿ ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಪಾತ್ರೆ ತೊಳೆಸುವ ಮನುಷ್ಯ ಅವನು.

29ನೆಯ ದಿನ ದೂರಿಗೆ ಒಂದು ನಂಬರ್ ಸಿಕ್ಕಿತು. ನಂತರ "ಹಣದ ಬದಲು ನಮ್ಮ ವಾಲೆಟ್‌ಗೆ ಹಾಕುತ್ತೇವೆ" ಎಂದರು. ಬಿಟ್ಟು ಹೋಗುವವನಿಗೆ ಅವರ ವಾಲೆಟ್ ಯಾಕೆ? ಬೇಡ ಎಂದೆವು. ಕೊನೆಗೆ, ನಾವು ಮೊದಲ ಬಟನ್ ಒತ್ತಿದ 43ನೆಯ ದಿನ ಬ್ಯಾಂಕಿಗೆ ಬಂದದ್ದು 3,413 ರೂಪಾಯಿ 74 ಪೈಸೆ. ಉಳಿದ 1,060 ರೂಪಾಯಿ 82 ಪೈಸೆ ಡೊಮೈನ್‌ಗೆ ಹಿಡಿದುಕೊಂಡಿದ್ದರು. ಉಚಿತ ಎಂದಿದ್ದರಲ್ಲ, ಅದೇ ಡೊಮೈನ್. 899 ರೂಪಾಯಿ ಬೆಲೆ, ಮೇಲೆ ತೆರಿಗೆ.

ಕಂಪೆನಿಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಡೊಮೈನ್ ಎನ್ನುವುದು ಹೋಸ್ಟಿಂಗ್ ಕಂಪೆನಿಯ ಸ್ವಂತ ಸರಕಲ್ಲ. ಆ ಹೆಸರುಗಳ ರಿಜಿಸ್ಟ್ರಿ ಬೇರೆ ಇದೆ, ಡಾಟ್ ಇನ್ ಹೆಸರುಗಳಿಗಾದರೆ ನಮ್ಮ ದೇಶದ ನಿಕ್ಸಿ ಸಂಸ್ಥೆ. ನಾವು ಹೆಸರು ತೆಗೆದುಕೊಂಡ ಕೂಡಲೇ ಕಂಪೆನಿ ಅಲ್ಲಿಗೆ ಹಣ ಕಟ್ಟಿರುತ್ತದೆ. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ ಮೊದಲ 5 ದಿನದೊಳಗೆ ಅಳಿಸಿದರೆ ಮಾತ್ರ ಕಂಪೆನಿಗೆ ಆ ಹಣ ಹಿಂದೆ ಸಿಗುತ್ತದೆ, ಆಮೇಲೆ ಇಲ್ಲ. ಆದ್ದರಿಂದ ಡೊಮೈನಿನ ಖರ್ಚು ಕಳೆಯುವುದು ನನಗೆ ಅನ್ಯಾಯವೆಂದು ತೋರುವುದಿಲ್ಲ. ಅದನ್ನು ಉಚಿತ ಎಂದು ಕರೆದದ್ದು ಅನ್ಯಾಯ. "ಬಿಟ್ಟರೆ 1,060 ರೂಪಾಯಿ ಕಳೆಯುತ್ತೇವೆ" ಎಂದು ಮೊದಲ ಪುಟದಲ್ಲೇ ಬರೆದಿದ್ದರೆ ಅಣ್ಣ ಯೋಚಿಸಿಯೇ ಪಿನ್ ಒತ್ತುತ್ತಿದ್ದ.

ನಮ್ಮ ಊರಿನ ವ್ಯಾಪಾರಿಗಳೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. "ಮಾರಿದ ಸರಕನ್ನು ವಾಪಸು ಪಡೆಯಲಾಗುವುದಿಲ್ಲ" ಎಂಬ ಬರಹವನ್ನು ಎಷ್ಟು ಬಿಲ್ಲುಗಳಲ್ಲಿ ನೋಡಿಲ್ಲ ನಾವು? ಆದರೂ ಹಬ್ಬಕ್ಕೆ ತೆಗೆದ ಚೂಡಿದಾರ್ ಸೈಜ್ ಆಗದಿದ್ದರೆ ಉಮ್ಮ ಬಿಲ್ಲು ಹಿಡಿದು ಕೈಕಂಬಕ್ಕೆ ಹೋಗುತ್ತಾರೆ, ಅಂಗಡಿಯವರ ಮುಖ ನೋಡಿ ಮಾತಾಡುತ್ತಾರೆ, ಬದಲಿಸಿಕೊಂಡು ಬರುತ್ತಾರೆ. ಅಂಗಡಿಯವನಿಗೂ ನಾಳೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ನೋಡಲಿಕ್ಕಿದೆ. ಹೋಸ್ಟಿಂಗ್ ಕಂಪೆನಿಗೆ ಆ ಮುಖದಾಕ್ಷಿಣ್ಯ ಇಲ್ಲ. ಅಲ್ಲಿ ಚಾಟ್‌ನಲ್ಲಿ ಕೂತವರಿಗೂ ಹಣ ಕೊಡುವ ಅಧಿಕಾರ ಇಲ್ಲದಿರಬಹುದು. ನಮ್ಮನ್ನು ಸುಸ್ತು ಮಾಡುವುದಷ್ಟೇ ಅವರಿಗೆ ಕೊಟ್ಟ ಕೆಲಸವೋ ಏನೋ.

ಈ ಸುಸ್ತು ಆಕಸ್ಮಿಕ ಅಲ್ಲ, ಯೋಜನೆ ಮಾಡಿ ಕಟ್ಟಿದ್ದು. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಅಮೆರಿಕದ ವ್ಯಾಪಾರ ಆಯೋಗ 2023ರ ಜೂನ್‌ನಲ್ಲಿ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಪ್ರೈಮ್ ಸದಸ್ಯತ್ವ ಬಿಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳನ್ನು ದಾಟಬೇಕು ಎಂಬುದು ದೂರು. ಕಂಪೆನಿಯ ಒಳಗೆ ಆ ದಾರಿಗೆ ಇಟ್ಟಿದ್ದ ಹೆಸರು "ಇಲಿಯಡ್" ಎಂದೂ ದೂರಿನಲ್ಲಿತ್ತು. ಮುಗಿಯದ ಟ್ರೋಜನ್ ಯುದ್ಧದ ಮೇಲಿನ ಗ್ರೀಕ್ ಮಹಾಕಾವ್ಯದ ಹೆಸರು ಅದು. 2025ರ ಸೆಪ್ಟೆಂಬರ್‌ನಲ್ಲಿ ಆ ಪ್ರಕರಣ 250 ಕೋಟಿ ಡಾಲರಿಗೆ ರಾಜಿಯಾಯಿತು, ಅದರಲ್ಲಿ 150 ಕೋಟಿ ಗ್ರಾಹಕರಿಗೆ ಹಿಂತಿರುಗಿಸಲು. ಜರ್ಮನಿಯಲ್ಲಂತೂ 2022ರ ಜುಲೈ 1ರಿಂದ ವೆಬ್‌ಸೈಟಿನಲ್ಲಿ ಚಂದಾ ಮಾರುವವರು ರದ್ದು ಮಾಡುವ ಬಟನನ್ನೂ ಕಣ್ಣಿಗೆ ಕಾಣುವಂತೆ ಇಡಲೇಬೇಕು.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ, ನಾನೂ ಈ ಗಲಾಟೆಯ ನಂತರವೇ ಓದಿದ್ದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ "ಡಾರ್ಕ್ ಪ್ಯಾಟರ್ನ್" ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳ ಪಟ್ಟಿ ಅದರಲ್ಲಿದೆ. ಅಣ್ಣನ ಕಥೆಯನ್ನು ಆ ಪಟ್ಟಿಯ ಪಕ್ಕ ಇಟ್ಟು ನೋಡಿದೆ. ಬೆಲೆಯನ್ನು ಕೊನೆಯಲ್ಲಿ ಹೇಳುವುದು ಒಂದು, ಬೇಡ ಎಂದವರನ್ನು ನಾಚಿಸುವುದು ಇನ್ನೊಂದು, ರದ್ದತಿಯ ದಾರಿಯನ್ನು ಅಡಗಿಸುವ ಅಥವಾ ಉದ್ದ ಮಾಡುವ ಚಂದಾ ಬೋನು ಮತ್ತೊಂದು. ಮೂರೂ ಅಲ್ಲಿವೆ. ಭಾರತದಲ್ಲಿ ಸೇವೆ ಮಾರುವ ಎಲ್ಲ ವೇದಿಕೆಗಳಿಗೂ ಇದು ಅನ್ವಯ, ಕಂಪೆನಿ ವಿದೇಶದ್ದಾದರೂ ಸರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪೆನಿಯೂ ದೂರು ಕೇಳುವ ಅಧಿಕಾರಿಯ ಹೆಸರನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅಣ್ಣನ ಹಣ ಬಂದದ್ದೂ ಚಾಟ್‌ನಿಂದ ಅಲ್ಲ. ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ಸೇರಿಸಿ ಆ ಅಧಿಕಾರಿಗೆ ಇಮೇಲ್ ಮಾಡಿದೆವು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಬರೆಸಿದೆವು. ಸಹಾಯವಾಣಿ ಕೋರ್ಟ್ ಅಲ್ಲ, ಹಣ ಕೊಡು ಎಂದು ಆದೇಶ ಮಾಡಲಾಗದು. ದೂರನ್ನು ಕಂಪೆನಿಗೆ ಕಳುಹಿಸಿ ಉತ್ತರ ಕೇಳುತ್ತದೆ, ಅಷ್ಟೆ. ನಮ್ಮ ವಿಷಯದಲ್ಲಿ ಅಷ್ಟೇ ಸಾಕಾಯಿತು. ಆಗದಿದ್ದರೆ ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗ ಇತ್ತು. 2019ರ ಕಾಯ್ದೆಯ ಪ್ರಕಾರ ಕಂಪೆನಿ ಎಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು, ವಕೀಲರೇ ಬೇಕೆಂದಿಲ್ಲ.

ಇದೆಲ್ಲ ಅಂಗಡಿ ಇರುವವರ ಸಮಸ್ಯೆ, ನಮಗೇನು ಎಂದು ಯಾರಾದರೂ ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಈ ಕಥೆ ಹೇಳುತ್ತಿದ್ದಾಗ ಗೆಳೆಯನೊಬ್ಬ, "ನಮ್ಮ ಮನೆಯಲ್ಲೂ ತಿಂಗಳಿಗೆ 199 ಹೋಗ್ತಾ ಉಂಟು ಮಾರಾಯ, ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ" ಎಂದ. ಸಂಜೆ ಮನೆಗೆ ಹೋಗಿ ತಂದೆಯ ಫೋನಿನ ಯು.ಪಿ.ಐ. ಆ್ಯಪಿನಲ್ಲಿ ಆಟೋಪೇ ಪಟ್ಟಿ ತೆರೆದು ನೋಡಿದರೆ, ಕೆ.ಸಿ.ಇ.ಟಿ. ಪ್ರಶ್ನೆಪತ್ರಿಕೆ ಉಚಿತವಾಗಿ ಕೊಡುತ್ತೇವೆ ಎಂದಿದ್ದ ಒಂದು ಕಲಿಕಾ ಆ್ಯಪ್. ಒಂದು ರೂಪಾಯಿಗೆ ಏಳು ದಿನ ನೋಡಿ ಎಂದು ಇವನೇ ಒತ್ತಿದ್ದು, ಪಿನ್ ಹಾಕಿದ್ದೂ ಇವನೇ. ಹಣ ಕಡಿತ ಆಗುವ 24 ಗಂಟೆ ಮೊದಲು ಮೆಸೇಜ್ ಬರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಇದೆ, ಬಂದೂ ಇತ್ತು. ಆದರೆ ಆಟೋದಲ್ಲಿ ದುಡಿಯುವ ತಂದೆ ಅಂಥ ಇಂಗ್ಲಿಷ್ ಮೆಸೇಜನ್ನು ಓದುತ್ತಾರೆಯೇ? 15,000 ರೂಪಾಯಿವರೆಗೆ ಒ.ಟಿ.ಪಿ. ಕೂಡ ಕೇಳದೆ ಹೋಗುತ್ತದೆ.

ಆ ಪಟ್ಟಿಯಲ್ಲೇ ಅನುಮತಿಯನ್ನು ರದ್ದು ಮಾಡಬಹುದು, ಆ್ಯಪಿನವರ ಒಪ್ಪಿಗೆ ಬೇಡ. ಗೆಳೆಯ ಮಾಡಿದ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಆಟೋಪೇ ನಿಲ್ಲಿಸಿದರೆ ಮುಂದಿನ ಹಣ ಉಳಿಯುತ್ತದೆ, ಹೋದ ಹಣ ಬರುವುದಿಲ್ಲ. ಆ್ಯಪಿನ ಚಂದಾ ಕೂಡ ತನ್ನಷ್ಟಕ್ಕೆ ರದ್ದಾಗುವುದಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಡಿಲೀಟ್ ಮಾಡಿದರೆ ಮುಗಿಯಿತು ಎಂದು ನಮ್ಮಲ್ಲಿ ಹೆಚ್ಚಿನವರು ನಂಬಿದ್ದಾರೆ. ಫೋನಿನಿಂದ ಆ್ಯಪ್ ಹೋಗುತ್ತದೆ, ಆಟೋಪೇ ಹೋಗುವುದಿಲ್ಲ.

ಕೋಚಿಂಗ್ ಸೇರುವವರು ಇನ್ನೊಂದು ನೆನಪಿಡಿ. 2024ರ ಜನವರಿಯ ಕೇಂದ್ರ ಶಿಕ್ಷಣ ಸಚಿವಾಲಯದ ಮಾರ್ಗಸೂಚಿಯಲ್ಲಿ, ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು ಎಂದಿದೆ. ಸೇರುವ ಮೊದಲೇ ಅದನ್ನು ತೋರಿಸಿ, ರಿಫಂಡಿನ ಮಾತನ್ನು ರಶೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಆ ಬೂದು ಬಣ್ಣದ ಬಟನನ್ನು ಯಾರೋ ಒಬ್ಬರು ಕುಳಿತು ಮಾಡಿದ್ದಾರೆ. "ನನ್ನ ವ್ಯಾಪಾರ ಬೆಳೆಯುವುದು ನನಗೆ ಬೇಕಾಗಿಲ್ಲ" ಎಂಬ ವಾಕ್ಯವನ್ನು ಯಾರೋ ಟೈಪ್ ಮಾಡಿದ್ದಾರೆ. ಅವರೂ ಎಲ್ಲೋ ಪಿಯುಸಿ ಓದಿದವರೇ. ನಮ್ಮ ಲ್ಯಾಬಿನಲ್ಲಿ ಈಗ ಎಚ್.ಟಿ.ಎಂ.ಎಲ್. ಕಲಿಯುತ್ತಿರುವವರಲ್ಲಿ ಕೆಲವರು ನಾಲ್ಕೈದು ವರ್ಷದಲ್ಲಿ ಬೆಂಗಳೂರಿನ ಯಾವುದೋ ಕಂಪೆನಿಯಲ್ಲಿ ಅದೇ ಕುರ್ಚಿಯಲ್ಲಿ ಇರುತ್ತೇವೆ. ಮ್ಯಾನೇಜರ್ ಬಂದು "ರದ್ದತಿಯ ಲಿಂಕನ್ನು ಇನ್ನೂ ಸ್ವಲ್ಪ ಕೆಳಗೆ ಹಾಕು" ಎಂದರೆ ಏನು ಹೇಳುತ್ತೇವೆ? ಪರೀಕ್ಷೆಯಲ್ಲಿ ಬಟನ್ ಹಾಕುವ ಟ್ಯಾಗ್ ಯಾವುದೆಂದು ಕೇಳುತ್ತಾರೆ. ಅದನ್ನು ಎಲ್ಲಿ ಇಡಬೇಕೆಂದು ಯಾವ ಪಾಠದಲ್ಲೂ ಇಲ್ಲ. ನಮ್ಮ ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ಗ್ರಾಹಕರ ಹಕ್ಕುಗಳ ಅಧ್ಯಾಯ ಇದೆ, ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ. ಆ ಅಧ್ಯಾಯದ ದಿನ ಎಲ್ಲರೂ ಮನೆಯ ಆಟೋಪೇ ಪಟ್ಟಿ ನೋಡಿಕೊಂಡು ಬರಲಿ ಎಂದು ಉಪನ್ಯಾಸಕರು ಹೋಂವರ್ಕ್ ಕೊಟ್ಟರೆ ಚೆನ್ನಾಗಿತ್ತು. ಇದು ನನ್ನ ಬೇಡಿಕೆ.

ಅಣ್ಣ ಈಗ ವಾಟ್ಸಾಪ್ ಬಿಸಿನೆಸ್‌ನಲ್ಲೇ ಕುರ್ಚಿ, ಪಾತ್ರೆಗಳ ಫೋಟೋ ಹಾಕುತ್ತಾನೆ. ಆ 1,060 ರೂಪಾಯಿಯ ಡೊಮೈನ್ ಮಾತ್ರ ಇನ್ನೂ ಅವನ ಹೆಸರಿನಲ್ಲೇ ಇದೆ, ಬರುವ ಜನವರಿವರೆಗೆ. ತೆರೆದರೆ "ಶೀಘ್ರದಲ್ಲೇ ಬರಲಿದೆ" ಎಂದು ತೋರಿಸುತ್ತದೆ. ಮೊನ್ನೆ ಅದನ್ನು ಮುಂದುವರಿಸಿ ಎಂದು ಕಂಪೆನಿಯಿಂದ ಮೆಸೇಜ್ ಬಂತು. ಅದರಲ್ಲಿ ಹಣ ಕಟ್ಟುವ ಬಟನ್ ಒಂದೇ ಇತ್ತು, ಕಿತ್ತಳೆ ಬಣ್ಣದ್ದು.