ಜ್ವರ ಬಂದವನಿಗೂ ಸಂಬಳ ಸಿಗಲಿ

ಮಳೆಗಾಲ ಬಂತೆಂದರೆ ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿಯ ಮಾತು ಶುರು. 2019ರಲ್ಲಿ ಡೆಂಗಿ ಈ ನಗರವನ್ನು ಹೇಗೆ ಕಾಡಿತೆಂಬುದನ್ನು ನಾವು ಮರೆತಿಲ್ಲ. ಆದರೆ ಬಂದರಿನ ಮಂಡಿಗಳಲ್ಲಿ, ಧಕ್ಕೆಯಲ್ಲಿ, ಕಟ್ಟಡ ಕೆಲಸದಲ್ಲಿ ದುಡಿಯುವವರನ್ನು ಕೇಳಿ ನೋಡಿ. "ಮಲಗಿದರೆ ಕೂಲಿ ಯಾರು ಕೊಡ್ತಾರೆ ಉಸ್ತಾದ್?" ಅಂತಾರೆ. ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೊರಡ್ತಾರೆ.

ಇದು ಅವರೊಬ್ಬರ ಕಷ್ಟ ಮಾತ್ರ ಅಲ್ಲ. ಮಲೇರಿಯಾ ಇದ್ದವರನ್ನು ಕಚ್ಚಿದ ಸೊಳ್ಳೆಯೇ ರೋಗವನ್ನು ಇನ್ನೊಬ್ಬರಿಗೆ ದಾಟಿಸುವುದು. ವೈವ್ಯಾಕ್ಸ್ ಮಲೇರಿಯಾಕ್ಕೆ ಪ್ರಿಮಾಕ್ವಿನ್ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ತಪ್ಪದೆ ತೆಗೆದುಕೊಳ್ಳಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮತ್ತೆ ಮರುಕಳಿಸಬಹುದು. ಹೋಟೆಲಿನಲ್ಲಿ ಅಡುಗೆ ಮಾಡುವವನಿಗೆ ಟೈಫಾಯ್ಡ್ ಇದ್ದರೆ ಅದು ನಮ್ಮ ತಟ್ಟೆಗೂ ಬರಬಹುದು. ಹಾಗಾಗಿ ಸಂಬಳ ಸಹಿತ ಅನಾರೋಗ್ಯ ರಜೆ ಎಂದರೆ ಮಾಲಕರು ಮಾಡುವ ಉಪಕಾರವಲ್ಲ, ಇಡೀ ಊರಿಗೆ ರಕ್ಷಣೆ.

ಕಾನೂನು ಇಲ್ಲವೆಂದಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆ ಬಿದ್ದ ನೌಕರನಿಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂ.ವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇದೆ. ನೌಕರ ಕಟ್ಟುವುದು ಸಂಬಳದ ಶೇ. 0.75, ಮಾಲಕರು ಶೇ. 3.25. ಕಾಯಿಲೆ ಬಿದ್ದರೆ ವರ್ಷದಲ್ಲಿ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಆದರೆ ಅಂಗಡಿಯ ಹುಡುಗನ ಹೆಸರು ಪುಸ್ತಕದಲ್ಲೇ ಇಲ್ಲದಿದ್ದರೆ ಇದೆಲ್ಲ ಎಲ್ಲಿಂದ ಸಿಗಬೇಕು?

2025ರಲ್ಲಿ ರಾಜ್ಯ ಸರಕಾರ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ವೇತನ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಮನೆಯಲ್ಲೇ ಕೂತು ಬೀಡಿ ಕಟ್ಟುವ ನಮ್ಮ ಉಮ್ಮಂದಿರಿಗೆ ಸಾವಿರ ಬೀಡಿಗೆ ಇಂತಿಷ್ಟು ಎಂಬುದೇ ಲೆಕ್ಕ. ಕೈ ನಿಂತ ದಿನ ಕೂಲಿಯೂ ಇಲ್ಲ.

ಸರಕಾರದ ಕಡೆ ಬೆರಳು ತೋರಿಸುವ ಮೊದಲು ನಮ್ಮನ್ನೂ ನೋಡಿಕೊಳ್ಳೋಣ. ನಮ್ಮಲ್ಲೂ ಅಂಗಡಿ, ಹೋಟೆಲ್, ಮಂಡಿ ನಡೆಸುವವರಿದ್ದಾರೆ. ಮಸೀದಿ, ಮದ್ರಸದ ಆಡಳಿತ ಸಮಿತಿಗಳೂ ಸಂಬಳ ಕೊಡುವವರೇ. ಮುಅಲ್ಲಿಮರು, ಮುಕ್ರಿಗಳು ಜ್ವರದಲ್ಲಿ ಮಲಗಿದರೆ ಸಂಬಳ ಕಡಿತವಾಗುವ ಕಡೆಗಳನ್ನು ನಾವು ಕಂಡಿದ್ದೇವೆ. ರೋಗಿಗೆ ರಂಝಾನಿನ ಉಪವಾಸವನ್ನೇ ಮುಂದಕ್ಕೆ ಹಾಕುವ ಅನುಮತಿ ಇರುವಾಗ, ನಾಲ್ಕು ದಿನದ ಕೆಲಸ ಮುಂದಕ್ಕೆ ಹಾಕಲಾಗದೇ?

12 ದಿನದ ರಜೆ ಎಂದರೆ ತಿಂಗಳಿಗೆ ಒಂದೇ ದಿನ. ಮಾಲಕರು ಅದನ್ನು ಬರೆದು ಕೊಡಲಿ. ದಿನಗೂಲಿಯವರಿಗಾಗಿ ಜಮಾಅತ್‌ಗಳು ಒಂದು ಸಣ್ಣ ನಿಧಿ ಇಡಲಿ. ಈ ಮಳೆಗಾಲಕ್ಕೆ ಮೊದಲೇ ಆಗಲಿ.