ಹೊಲಕ್ಕೆ ಬರ್ರಿ, ಆದರೆ ಬರೇ ನೋಡಾಕ ಬರಬ್ಯಾಡ್ರಿ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ "ರೈತನೇ ದೇಶದ ಬೆನ್ನೆಲುಬು" ಎಂಬ ಲೇಖನ ಬಂದಿತ್ತು. ಎಲ್ಲರೂ ಚೆನ್ನಾಗಿದೆ ಅಂದರು. ಅದೇ ದಿನ ಊಟದ ಬಿಡುವಿನಲ್ಲಿ ನಮ್ಮ ವರ್ಗದ ಕೆಲವರು ನನಗೆ, "ನಿಮ್ಮ ಹೊಲದಾಗ ಹೋಟೆಲ್ ತಗದೀರಂತಲ್ಲ, ಒಂದು ರೊಟ್ಟಿಗೆ ಎಷ್ಟ?" ಅಂತ ಕೇಳಿ ನಕ್ಕರು. ನನಗೆ ಬಹಳ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿದರೆ ಉತ್ತರ ಕೊಟ್ಟಂಗ ಆಗೂದಿಲ್ಲ. ಮನಸ್ಸಿನಲ್ಲಿ ಇದ್ದದ್ದನ್ನು ಬರೆಯಲಿಕ್ಕೇ ಗೋಡೆ ಪತ್ರಿಕೆ ಇದೆ ಎಂದು ನಮ್ಮ ಕನ್ನಡ ಗುರುಗಳು ಹೇಳುತ್ತಾರೆ. ಅದಕ್ಕೇ ಬರೆದೇನಿ. ಪೂರ್ತಿ ಓದ್ರಿ, ಆಮೇಲೆ ನಗೂದಿದ್ದರ ನಗ್ರಿ.

ನಮ್ಮ ಹೊಲ ನಾಲ್ಕು ಎಕರೆ ಹತ್ತು ಗುಂಟೆ. ಐದು ಎಕರೆಯೊಳಗೆ ಇದ್ದವರಿಗೆ ಸರಕಾರದ ಲೆಕ್ಕದಲ್ಲಿ ಸಣ್ಣ ರೈತರು ಅಂತಾರೆ. ನಮ್ಮದು ಎರಿ ಭೂಮಿ. ಮುಂಗಾರಿಗೆ ಹೆಸರು, ಸೋಯಾಬೀನ್ ಹಾಕುತ್ತೇವೆ. ಹೆಸರು ಕಿತ್ತ ಮ್ಯಾಲೆ ಅದೇ ಹೊಲದಾಗ ಹಿಂಗಾರಿ ಜೋಳ, ಇನ್ನೊಂದು ಕಡೆ ಕಡಲಿ. ದನ ಒಳಗ ಬರಬಾರದು ಅಂತ ಸುತ್ತಲೂ ಕುಸುಬಿ ಸಾಲು. ಅಜ್ಜ, ಆಯಿ, ಅಪ್ಪ, ಅವ್ವ, ನಾನು, ನನ್ನ ತಮ್ಮ, ಎರಡು ಎತ್ತು, ಒಂದು ಎಮ್ಮೆ, ಇಷ್ಟು ಮಂದಿಯ ಹೊಟ್ಟೆ ಈ ಹೊಲದ ಮೇಲೆ. (ಎತ್ತು ಎಮ್ಮೆಗೂ ಮಂದಿ ಅಂತ ಬರೆದಿದ್ದು ತಪ್ಪಿದ್ದರೆ ಗುರುಗಳು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಹಾಗೇ ಎಣಿಸುತ್ತೇವೆ.) 2023ರಲ್ಲಿ ಮಳೆ ಕೈ ಕೊಟ್ಟಿತು. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕು ಬರಗಾಲದ್ದು ಎಂದು ಸರಕಾರವೇ ಹೇಳಿತು. ಆವಾಗ ನಮ್ಮ ಮನೆಯಲ್ಲಿ ಸಾಲ ಆಯಿತು. ಅದು ಇನ್ನೂ ಪೂರಾ ತೀರಿಲ್ಲ.

ಈಗ ಮಂದಿ ಬರೋದು ಹೆಂಗ ಶುರುವಾಯಿತು ಅಂತ ಹೇಳುತ್ತೇನೆ. ಧಾರವಾಡದಲ್ಲಿ ನೌಕರಿ ಮಾಡುವ ನಮ್ಮ ಕಾಕಾ ಒಂದು ಸಲ ಎಳ್ಳ ಅಮವಾಸ್ಯೆಗೆ ತನ್ನ ಆಫೀಸಿನವರನ್ನು ಕರಕೊಂಡು ಬಂದ. ಎಳ್ಳ ಅಮವಾಸ್ಯೆ ದಿನ ನಮ್ಮ ಕಡೆ ಏನು ಮಾಡುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಚಕ್ಕಡಿ ಕಟ್ಟಿ, ಬುತ್ತಿ ಹೊತ್ತು, ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ ಆಮೇಲೆ ನಾವು ಉಣ್ಣುವುದು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳ ಚಟ್ನಿ, ಶೇಂಗಾ ಹೋಳಿಗೆ, ಕರಗಡಬು. ಬಂದವರು ಉಂಡು ಬಹಳ ಖುಷಿಪಟ್ಟರು. ಮರುವರ್ಷ ಜನವರಿಯಲ್ಲಿ ಸೀತನಿಗೆ ಬಂದರು. ಅವರನ್ನು ಕಂಡು ಅವರ ಪೈಕಿಯವರು ಬಂದರು. ಹೋಗುವಾಗ ಯಾರೋ ಒಬ್ಬರು ಆಯಿ ಕೈಯಾಗ ರೊಕ್ಕ ಇಟ್ಟರು. ಈಗ ಸೀತನಿ ಸುಗ್ಗಿಯಲ್ಲಿ ರವಿವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಮಂದಿ ಬರುತ್ತಾರೆ. ಒಬ್ಬರಿಗೆ 300 ರೂಪಾಯಿ.

ಜಗಳ ಶುರುವಾದದ್ದು ಇಲ್ಲೇ.

ಅಜ್ಜ ರೊಕ್ಕ ಇಸಕೊಳ್ಳುವುದು ಬ್ಯಾಡ ಅಂತಾನೆ. "ಬನದ ಹುಣ್ಣಿಮಿಗೆ, ಭಾರತ ಹುಣ್ಣಿಮಿಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗೋ ಚಕ್ಕಡಿಯವರು ನಮ್ಮ ಹೊಲದಾಗ ಕೊಳ್ಳ ಹರದು ಎತ್ತು ಕಟ್ಟತಿದ್ರು. ಅವರಿಗೆ ನೀರ ಕೊಟ್ಟೇವಿ, ಎತ್ತಿಗೆ ಕಣಕಿ ಹಾಕೇವಿ. ಒಬ್ಬರ ಕಡೆಯೂ ಒಂದು ಪೈಸೆ ಕೇಳಿಲ್ಲ. ಉಂಡವರ ಕಡೆ ರೊಕ್ಕ ಇಸಕೊಂಡ್ರ ಅದು ಬಿತ್ತಿ ಬೆಳೆದವರ ಮನಿ ಅಲ್ಲ, ಖಾನಾವಳಿ" ಅಂತಾನೆ. ಕಾಕಾ ಹೇಳುವುದು ಬೇರೆ. "ಆವಾಗ ಬಂದವರು ದೇವರ ಹಾದಿ ಹಿಡಿದವರು. ಈಗ ಬರೋರು ಮೋಜಿಗೆ ಬರ್ತಾರ, ಕಾರಿಗೆ ಎಣ್ಣಿ ಹಾಕಿಸಿಕೊಂಡು ಬರ್ತಾರ. ಅವರು ಕೊಟ್ಟರ ಏನು ತಪ್ಪು?" ಅಂತಾನೆ. ಅಪ್ಪ ನಡುವೆ ಕುಂತು ಇಬ್ಬರ ಮಾರಿ ನೋಡುತ್ತಾನೆ. ಈ ವರ್ಷ ಕಾಕಾ ಇನ್ನೊಂದು ಮಾತು ತೆಗೆದಿದ್ದಾನೆ. ಹತ್ತು ಗುಂಟೆ ಜಾಗದಲ್ಲಿ ಜೋಳ ಬಿಟ್ಟು ಶೆಡ್ ಹಾಕಿಸೋಣ, ಜೋಕಾಲಿ ಕಟ್ಟೋಣ, ಸಾಲ ತೆಗೆಯೋಣ ಅಂತ. ಅಜ್ಜ ಅಂದಿನಿಂದ ಕಾಕಾನ ಕೂಡ ಮಾತು ಬಿಟ್ಟಿದ್ದಾನೆ.

ಯಾರದು ಖರೆ? ನಾನು ಬಹಳ ವಿಚಾರ ಮಾಡಿದೆ. ಗಣಿತದ ವಹಿಯ ಹಿಂದಿನ ಹಾಳೆಯಲ್ಲಿ ಲೆಕ್ಕ ಮಾಡಿದೆ. ಇಪ್ಪತ್ತು ಮಂದಿ, ತಲಾ 300, ಒಟ್ಟು 6000 ರೂಪಾಯಿ. 2025-26ರ ಹಿಂಗಾರಿ ಮಾರಾಟ ಹಂಗಾಮಿಗೆ ಕಡಲೆಗೆ ಸರಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 5650. ಅಂದರೆ ಒಂದು ರವಿವಾರ ಒಂದು ಕ್ವಿಂಟಲ್ ಕಡಲೆಗಿಂತ ಹೆಚ್ಚು! ನನಗೆ ಆನಂದವಾಯಿತು. ಆಮೇಲೆ ಖರ್ಚು ಕಳೆದೆ. ಎಣ್ಣೆ, ಬೆಲ್ಲ, ಶೇಂಗಾ, ಹಾಲು, ಮೊಸರು, ತಾಟು ಬಾಡಿಗೆ ಸೇರಿ 2200. ಉಳಿದದ್ದು 3800. ಅಪ್ಪನಿಗೆ ತೋರಿಸಿದೆ. "ಶಾಣ್ಯಾ ಅದಿ" ಅಂದ.

ರಾತ್ರಿ ಮಲಗುವಾಗ ನೋಡಿದರೆ ಅವ್ವ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ರವಿವಾರ ನಸುಕಿನ ನಾಲ್ಕಕ್ಕೆ ಎದ್ದು ಅವ್ವ ಮತ್ತು ಚಿಗವ್ವ ಎಂಬತ್ತು ರೊಟ್ಟಿ ಬಡಿದಿದ್ದರು. ಶನಿವಾರ ಇಡೀ ದಿನ ಹಸನು ಮಾಡುವುದು, ಹುರಿಯುವುದು, ಕುಟ್ಟುವುದು. ಆವಾಗ ನನಗೆ ನೆನಪಾಯಿತು, ಅವರ ಪಗಾರ ನನ್ನ ಲೆಕ್ಕದಾಗ ಇಲ್ಲವೇ ಇಲ್ಲ! ನಮ್ಮೂರಾಗ ಕಳೆ ತೆಗೆಯಲು ಹೋದರೆ ಹೆಣ್ಣಾಳಿಗೆ ದಿನಕ್ಕೆ 300 ಕೊಡುತ್ತಾರೆ. ಇಬ್ಬರು, ಎರಡು ದಿನ, 1200 ರೂಪಾಯಿ. ಹಾಗಾದರೆ ನಿಜವಾಗಿ ಉಳಿದದ್ದು 2600. ಬಾಡಿಗೆ ತಾಟಿಗೆ ಲೆಕ್ಕ ಇತ್ತು, ಅವ್ವನ ಕೈಗೆ ಲೆಕ್ಕ ಇರಲಿಲ್ಲ. ಅಜ್ಜ ಮತ್ತು ಕಾಕಾ ಇಷ್ಟು ದಿನ ಜಗಳ ಆಡಿದರು, ಇಬ್ಬರೂ ಅವ್ವನನ್ನು ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇನ್ನೊಂದು ಪ್ರಸಂಗ ಹೇಳಬೇಕು. ಅದನ್ನು ಬರೆಯಲು ನನಗೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ಒಂದು ರವಿವಾರ ನಾನು ಗ್ವಾದಲಿ ಬಳಿದು ಹೆಂಡಿ ಪುಟ್ಟಿ ತಲೆ ಮೇಲೆ ಹೊತ್ತು ತಿಪ್ಪಿಗೆ ಹೊಂಟಿದ್ದೆ. ಬಂದವರಲ್ಲಿ ಒಬ್ಬ ಅಮ್ಮನವರು ಮೊಬೈಲಿನಲ್ಲಿ ನನ್ನ ಫೋಟೋ ತೆಗೆದರು. ಕೇಳಲಿಲ್ಲ. ಆಮೇಲೆ ತಮ್ಮ ಮಗನಿಗೆ, "ನೋಡು, ಸರಿಯಾಗಿ ಓದದಿದ್ರೆ ಹೀಗೇ ಆಗುತ್ತೆ" ಅಂದರು. ನನಗೆ ಕೇಳಿಸಿತು. ನಾನು ಪುಟ್ಟಿ ಹೊತ್ತುಕೊಂಡೇ ಹೋದೆ. ಏನೂ ಅನ್ನಲಿಲ್ಲ, ಯಾಕಂದರೆ ಅವರು ನಮ್ಮ ಮನೆಗೆ ಬಂದವರು. ಈಗ ಇಲ್ಲಿ ಹೇಳುತ್ತೇನೆ. ಅಮ್ಮಾರ, ನಾನು ಓದೂನೂ ಓದ್ತೀನಿ, ಹೆಂಡಿನೂ ಹೊರ್ತೀನಿ. ಆ ಹೆಂಡಿ ಗೊಬ್ಬರ ಆಗಿಯೇ ನೀವು ತಿಂದ ಸೀತನಿ ಬೆಳೆದದ್ದು.

ಹೋದ ವರ್ಷ ನಮ್ಮ ಶಾಲೆಯಿಂದ ಪ್ರವಾಸ ಹೋಗಿದ್ದು ನೆನಪಿದೆಯೇ? ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿದೆವು. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿಸಿದ್ದು. ಅಲ್ಲಿ ಒಕ್ಕಲುತನ ಮಾಡುವವರು, ಎತ್ತು, ಹಳ್ಳಿಯ ಮನೆ ಎಲ್ಲವೂ ಜೀವ ಇದ್ದಂತೆ ಕಾಣುತ್ತವೆ. ನಾವೆಲ್ಲ ಟಿಕೆಟ್ ತಗೊಂಡು ಒಳಗೆ ಹೋಗಿ, ಮುಟ್ಟದೆ, ಸದ್ದು ಮಾಡದೆ, ಸಾಲಾಗಿ ನಿಂತು ನೋಡಿದೆವು. ನನಗೂ ಬಹಳ ಇಷ್ಟವಾಯಿತು. ಆದರೆ ಈಗ ಅನಿಸುತ್ತದೆ, ಸಿಮೆಂಟಿನ ರೈತನಿಗೆ ಅಷ್ಟು ಮರ್ಯಾದೆ ಕೊಡುವ ನಾವು, ಜೀವಂತ ಇರುವ ರೈತನ ಹೊಲದಲ್ಲಿ ರೊಕ್ಕ ಕೊಟ್ಟವರನ್ನು ಕಂಡರೆ ಯಾಕೆ ನಗಬೇಕು? ಬಂದವರಾದರೂ ಜೀವಂತ ರೈತನ ಮುಂದೆ ಅದೇ ಮರ್ಯಾದೆಯಿಂದ ಯಾಕೆ ನಿಲ್ಲಬಾರದು?

ಬಂದವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಕೆಲವರು ಕಡಲಿ ಸಾಲಿನಾಗ ತುಳಿದಾಡಿದರು. ಯಾರೋ ಬಿಟ್ಟು ಹೋದ ಪ್ಲಾಸ್ಟಿಕ್ ಚೀಲ ತಿಂದು ನಮ್ಮ ಎಮ್ಮೆ ಮೂರು ದಿನ ಮೇವು ಬಿಟ್ಟಿತ್ತು. ಆದರೆ ಒಳ್ಳೆಯದೂ ಆಗಿದೆ. ನನ್ನಷ್ಟೇ ವಯಸ್ಸಿನ ಒಬ್ಬ ಹುಡುಗಿ, "ನಾಲ್ಕು ತಿಂಗಳಿಂದ ಮಳೆನೇ ಇಲ್ಲ, ಜೋಳ ಹೇಗೆ ಬೆಳೀತು?" ಅಂತ ಕೇಳಿದಳು. ನನಗೆ ಅದು ಪ್ರಶ್ನೆ ಅಂತಲೇ ಗೊತ್ತಿರಲಿಲ್ಲ. ಅಜ್ಜನ ಕಡೆ ಕರಕೊಂಡು ಹೋದೆ. ಅಜ್ಜ ಒಂದು ಹೆಂಟೆ ಎತ್ತಿ ಅವಳ ಕೈಯಾಗ ಒಡೆದು ತೋರಿಸಿದ. ಒಳಗೆ ತಂಪು. "ಎರಿ ಮಣ್ಣು ಮಳಿ ನೀರ ಹೊಟ್ಟ್ಯಾಗ ಇಟ್ಟಕೊಂಡು ಸ್ವಲ್ಪ ಸ್ವಲ್ಪ ಕೊಡತೈತಿ. ಎಡಿ ಹೊಡದು ಬಿರುಕು ಮುಚ್ಚಿದರ ಆ ತ್ಯಾವ ಆರಂಗಿಲ್ಲ" ಅಂದ. ರೊಕ್ಕ ಬ್ಯಾಡ ಅನ್ನುವ ಅಜ್ಜ ಅವತ್ತು ಒಂದು ತಾಸು ಅವಳ ಕೂಡ ಮಾತಾಡಿದ. ಮರುದಿನವೂ ಅವಳ ಸುದ್ದಿ ತೆಗೆದ.

ಇನ್ನೊಂದು ಸಲ ಹಿಂದಿನ ರಾತ್ರಿಯೇ ಬಂದು ಉಳಿದವರು ನಸುಕಿನಾಗ ಆಯಿಯ ಕೂಡ ಹೊಲಕ್ಕೆ ಬಂದರು. ಆಯಿ ರಾತ್ರಿ ಕಡಲಿ ಗಿಡದ ಮೇಲೆ ಬಿಳೇ ಅರಿವೆ ಹಾಸಿದ್ದಳು. ಬೆಳಗಿನ ಇಬ್ಬನಿಗೆ ಅದು ತೊಯ್ದಿತ್ತು. ಅದನ್ನು ಹಿಂಡಿ ಶೀಸೆಯಲ್ಲಿ ಹುಳಿ ತುಂಬಿದಳು. ಹೊಟ್ಟೆನೋವಿಗೆ ಅದನ್ನು ಒಂದೆರಡು ಹನಿ ಕೊಡುತ್ತಾಳೆ. ಬಂದವರು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ಕಡಲಿ ಎಲೆ ಯಾಕೆ ಹುಳಿ ಎಂದು ನಾನು ನಮ್ಮ ವಿಜ್ಞಾನ ಅಕ್ಕೋರನ್ನು ಕೇಳಿದೆ. ಎಲೆಯ ಮೇಲಿನ ಸಣ್ಣ ಕೂದಲಿನಿಂದ ಮ್ಯಾಲಿಕ್ ಆಮ್ಲ ಹೊರಗೆ ಬರುತ್ತದೆ ಎಂದು ಹೇಳಿದರು. ಹೊರಗಿನವರು ಬಂದು ಕೇಳದಿದ್ದರೆ ನಾನು ಅದನ್ನು ಕಲಿಯುತ್ತಿರಲಿಲ್ಲ. ನಮ್ಮ ಹೊಲ ನನಗೆ ಹೊಸದಾಗಿ ಕಂಡಿತು.

ಹೊಲಕ್ಕೆ ಬಂದವರನ್ನು ಕರೆಯುವುದು ಕೀಳು ಕೆಲಸವೂ ಅಲ್ಲ, ಹೊಸದೂ ಅಲ್ಲ. ಇಟಲಿ ದೇಶದಲ್ಲಿ 1985ರಲ್ಲೇ ಇದಕ್ಕಾಗಿ ಕಾಯಿದೆ ಮಾಡಿದರು. ಪಕ್ಕದ ಮಹಾರಾಷ್ಟ್ರ ಸರಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿ ತಂದಿತು. ನಮ್ಮದೇ ಬೆಳಗಾವಿ ಜಿಲ್ಲೆಯ ಬೇಡಕಿಹಾಳದಲ್ಲಿ ಸುರೇಶ ದೇಸಾಯಿಯವರು ಕಬ್ಬಿನ ರವದಿ ಸುಡದೆ ಹೊಲದಲ್ಲೇ ಹಾಸಿ ಬೆಳೆ ತೆಗೆದರು, ಅದನ್ನು ನೋಡಿ ಕಲಿಯಲು ರೈತರು ಬಂದರು. ದೊಡ್ಡಬಳ್ಳಾಪುರದ ಹತ್ತಿರ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವ ತನಕ ತಮ್ಮ ತೋಟಕ್ಕೆ ಬಂದವರಿಗೆ ಸಾವಯವ ಕೃಷಿಯ ಪಾಠ ಹೇಳಿದರು. ಅಲ್ಲಿಗೆ ಹೋದವರು ಬರೇ ಉಂಡು ಬರಲಿಲ್ಲ, ಕಲಿತು ಬಂದರು. ನಮ್ಮ ಬೈಲಹೊಂಗಲಕ್ಕೆ ರಾಣಿ ಚೆನ್ನಮ್ಮನ ಸಮಾಧಿ ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ಅಕ್ಟೋಬರದಲ್ಲಿ ಕಿತ್ತೂರ ಉತ್ಸವಕ್ಕೆ ಬರುತ್ತಾರೆ, ರಾಯಣ್ಣನ ಸಂಗೊಳ್ಳಿಗೂ ಬರುತ್ತಾರೆ. ನೋಡಿ ಅರ್ಧ ತಾಸಿನಾಗ ಹೊಳ್ಳಿ ಹೋಗುತ್ತಾರೆ. ಆ ನಾಡು ಯಾವ ಮಣ್ಣಿನದು, ಯಾವ ರೊಟ್ಟಿ ಉಂಡವರು ಹೋರಾಡಿದರು ಎಂದು ಅವರಿಗೆ ಯಾರು ತೋರಿಸಬೇಕು? ನಾವೇ ತೋರಿಸಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ:

1. ಎಳ್ಳ ಅಮವಾಸ್ಯೆ ದಿನ ಯಾರ ಕಡೆಯೂ ರೊಕ್ಕ ಇಸಕೊಳ್ಳಬಾರದು. ಅದು ಭೂಮಿತಾಯಿಯ ಊಟ, ನಮ್ಮದಲ್ಲ. ಗುಡ್ಡಕ್ಕೆ ಹೋಗುವ ಚಕ್ಕಡಿಯವರಿಗೂ ಹಾಗೇ. ಇದರಲ್ಲಿ ಅಜ್ಜ ಹೇಳುವುದು ಖರೆ.

2. ಉಳಿದ ದಿನ ಇಸಕೊಳ್ಳಬೇಕು. ಜೋಳ ಮಾರಿದರೆ ನಾಚಿಕೆ ಇಲ್ಲ, ಹಾಲು ಮಾರಿದರೆ ನಾಚಿಕೆ ಇಲ್ಲ, ರೊಟ್ಟಿ ಮಾಡಿ ಉಣಿಸಿದ್ದಕ್ಕೆ ಯಾಕೆ ನಾಚಿಕೆ? ಇದರಲ್ಲಿ ಕಾಕಾ ಹೇಳುವುದು ಖರೆ.

3. ಆ ರೊಕ್ಕದಲ್ಲಿ ಮೊದಲು ಅವ್ವ ಮತ್ತು ಚಿಗವ್ವನ ಪಗಾರ ತೆಗೆದು ಅವರ ಕೈಯಲ್ಲೇ ಕೊಡಬೇಕು. ಎಷ್ಟು ಮಂದಿಯನ್ನು ಕರೆಯಬೇಕು, ಯಾವ ರವಿವಾರ ಬ್ಯಾಡ ಅಂತ ಅವರೇ ಹೇಳಬೇಕು.

4. ಶೆಡ್ ಹಾಕಿಸಬಾರದು, ಅದಕ್ಕೆ ಸಾಲ ಮಾಡಬಾರದು. ಜೋಳ ಇದ್ದರೆ ಮಂದಿ ಬರುತ್ತಾರೆ. ಜೋಳ ಕಡಿದು ಶೆಡ್ ಹಾಕಿದರೆ ಶೆಡ್ ನೋಡಾಕ ಯಾರು ಬರ್ತಾರ? ಬೇವಿನ ಗಿಡದ ನೆರಳು ಸಾಕು.

5. ಬಂದವರು ಸುಮ್ಮನೆ ಕೂಡಬಾರದು. ಕುಳ್ಳು ತರಬೇಕು, ತೆನಿ ಮುರಿಯಬೇಕು, ಕೆಂಡದಾಗ ಸುಟ್ಟ ಬಿಸಿ ತೆನಿಯನ್ನು ತಾವೇ ತಿಕ್ಕಿ ಕಾಳು ಬಿಡಿಸಬೇಕು. ಕೈ ಸುಟ್ಟರೆ ಸೀತನಿ ರುಚಿ ಹೆಚ್ಚು ಗೊತ್ತಾಗುತ್ತದೆ. ತಾವು ತಂದ ಪ್ಲಾಸ್ಟಿಕ್ ತಾವೇ ಒಯ್ಯಬೇಕು. ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು.

ಈ ಐದು ಮಾತನ್ನು ನಾನು ಮೊದಲು ಅವ್ವನಿಗೆ ಓದಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಮೂರನೇದ್ದು ಇನ್ನೊಮ್ಮೆ ಓದು" ಅಂದಳು. ಓದಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮ್ಯಾಲೆ, "ನಿಮ್ಮ ಅಜ್ಜಗ ಹೇಳಾಕ ಧೈರ್ಯ ಐತೇನ ನಿನಗ?" ಅಂತ ಕೇಳಿದಳು. ಇನ್ನೂ ಹೇಳಿಲ್ಲ. ಅದಕ್ಕೇ ಮೊದಲು ಇಲ್ಲಿ ಹಚ್ಚುತ್ತಿದ್ದೇನೆ. ಶಾಲೆಯ ಗೋಡೆಯ ಮೇಲೆ ಬಂದ ಮಾತು ಊರೊಳಗೆ ಹೋಗಲು ಬಹಳ ಹೊತ್ತು ಹಿಡಿಯುವುದಿಲ್ಲ ಎಂದು ನನಗೆ ಗೊತ್ತು.

ನಕ್ಕ ಗೆಳೆಯರಿಗೆ ಒಂದು ಮಾತು. ನಿಮ್ಮ ಹೊಲದಲ್ಲೂ ಎರಿ ಮಣ್ಣು ಐತಿ, ನಿಮ್ಮ ಆಯಿಗೂ ಕಡಲಿ ಹುಳಿ ತೆಗೆಯಲು ಬರತೈತಿ. ನೀವು ಒಂದು ರವಿವಾರ ನಮ್ಮ ಹೊಲಕ್ಕೆ ಬರ್ರಿ. ನಿಮಗೆ ರೊಕ್ಕ ಇಲ್ಲ, ಆದರೆ ರೊಟ್ಟಿ ಬಡಿಯುವ ಪಾಳಿ ಗಂಡುಹುಡುಗರಿಗೂ ಬರುತ್ತದೆ.

ನನ್ನ ಲೇಖನದಲ್ಲಿ ತಪ್ಪು ಇದ್ದರೆ ಗುರುಗಳು ತಿದ್ದಬೇಕು ಎಂದು ವಿನಂತಿ. ಲೆಕ್ಕ ಮಾತ್ರ ಎರಡು ಸಲ ನೋಡೇನಿ, ಸರಿ ಐತಿ.

ಇಂತಿ ನಿಮ್ಮ ಗೆಳತಿ,
7ನೇ ತರಗತಿ